ಹೊನ್ನಿ ಯಾವ ಕಡೆ ಅಗಿಯುತ್ತಾಳೆ

“ಗುರುಗಳೇ, ನನ್ನ ಮಗ ಹೀಗಾದದ್ದು ನನ್ನಿಂದಲೇ?” ಎಂದು ಶಿವಲೀಲಾ ಕೇಳಿದಳು.

ಶಿವಲೀಲಾ ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು. ಹತ್ತು ವರ್ಷದಿಂದ ಗುರುಗಳ ಬಳಿಗೆ ಬರುತ್ತಿದ್ದಳು. ಅವಳ ಮಗನಿಗೆ ನಾಲ್ಕು ವರ್ಷ. ಇನ್ನೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದು ಡಾಕ್ಟರು ಹೇಳಿ ಒಂದು ತಿಂಗಳಾಗಿತ್ತು.

ಅವಳು ಚೀಲದಿಂದ ಒಂದು ಹಾಳೆ ತೆಗೆದು ಗುರುಗಳ ಮುಂದಿಟ್ಟಳು. ಅದರಲ್ಲಿ ಹತ್ತೊಂಬತ್ತು ಕಾರಣಗಳಿದ್ದವು. ಕ್ರಮಸಂಖ್ಯೆ ಹಾಕಿದ್ದಳು. ಮದುವೆ ತಡವಾದದ್ದು. ಮಗು ಹುಟ್ಟುವಾಗ ಗಂಡನಿಗೆ ನಲವತ್ತೆರಡಾಗಿದ್ದದ್ದು. ಐದನೇ ತಿಂಗಳಲ್ಲಿ ಬಂದ ಜ್ವರ. ದಿನ ತುಂಬುವ ಮೊದಲೇ ಹೆರಿಗೆಯಾದದ್ದು. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದು. ಪರಂಗಿ ಹಣ್ಣು, ಅರ್ಧ ಹೋಳು.

ಗುರುಗಳು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು.

“ಇದರಲ್ಲಿ ನಿನ್ನ ಅತ್ತೆಯವರು ಬರೆಸಿದ್ದು ಯಾವುವು?”

“ಏಳರಿಂದ ಹದಿಮೂರು.”

“ಡಾಕ್ಟರು ಏನಂದರು?”

“ಇದೊಂದೇ ಕಾರಣ ಅಂತ ಬೆರಳಿಟ್ಟು ತೋರಿಸೋದಕ್ಕೆ ಆಗೋಲ್ಲ ಅಂದರು. ವಂಶದಲ್ಲಿ ಹರಿದು ಬರೋದು ಹೆಚ್ಚಂತೆ. ತಂದೆ ತಾಯಿಯ ವಯಸ್ಸು, ದಿನ ತುಂಬದೆ ಹುಟ್ಟೋದು, ಇಂಥವು ಸಾಧ್ಯತೆಯನ್ನು ಒಂದಿಷ್ಟು ಹೆಚ್ಚಿಸಬಹುದಂತೆ, ಅಷ್ಟೇ. ಗ್ರಹಣ ಅಲ್ಲ, ಲಸಿಕೆ ಅಲ್ಲ, ನಾನು ಕೆಲಸಕ್ಕೆ ಹೋದದ್ದರಿಂದಲೂ ಅಲ್ಲ ಅಂದರು.”

“ಮತ್ತೆ?”

“ನನ್ನ ಸಮಾಧಾನಕ್ಕೆ ಹೇಳಿರಬೇಕು.” ಶಿವಲೀಲಾ ಹಾಳೆಯನ್ನು ಮತ್ತೆ ಗುರುಗಳ ಕಡೆಗೆ ಸರಿಸಿದಳು. “ಎರಡು ವಾರದಿಂದಂತೂ ಅವನ ಹಟ ವಿಪರೀತ. ಎಡಗಿವಿ ಮೇಲೆ ಹೊಡೆದುಕೊಳ್ಳುತ್ತಾನೆ. ಊಟ ಇಲ್ಲ, ನಿದ್ದೆ ಇಲ್ಲ. ಅದೂ ಇದರದೇ ಲಕ್ಷಣವಂತೆ, ವಾಟ್ಸಾಪಿನಲ್ಲಿ ಬಂದಿತ್ತು. ಅದಿರಲಿ. ಈ ಹತ್ತೊಂಬತ್ತರಲ್ಲಿ ಯಾವುದು, ನೀವು ಹೇಳಿ.”

ಗುರುಗಳು ಹಾಳೆಯನ್ನು ಮಡಿಸಿ ಅವಳ ಕೈಗೇ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಕಂಬಳಿ ನೇಯುವವಳೊಬ್ಬಳಿದ್ದಳು. ಅವಳ ಗಂಡ ಎತ್ತಿನ ಗಾಡಿ ಹೊಡೆಯುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ಹೊನ್ನಿ. ಹೊನ್ನಿಗೆ ಎಂಟು ವರ್ಷವಾದರೂ ಮಾತಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಉಣ್ಣೆ ನೂಲಿನ ಉಂಡೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಿದ್ದಳು. ಯಾರಾದರೂ ಒಂದನ್ನು ಕದಲಿಸಿದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಮಗ್ಗದ ಸದ್ದೆಂದರೆ ಅವಳಿಗೆ ಇಷ್ಟ. ತಾಯಿ ನೇಯುತ್ತಿರುವಷ್ಟು ಹೊತ್ತೂ ಪಕ್ಕದಲ್ಲಿ ಕೂತು, ಬಾಯಿ ತೆರೆದು ಏನೋ ಗುನುಗುತ್ತ ತೂಗುತ್ತಿದ್ದಳು.

ಹೊನ್ನಿ ಹೀಗೇಕೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ತಾಯಿಗೊಬ್ಬಳಿಗೆ ಗೊತ್ತಿರಲಿಲ್ಲ. ನೀರಿಗೆ ಬಂದವಳು, ಬಸುರಿಯಾಗಿದ್ದಾಗ ನೀನು ಸಾವಿನ ಮನೆಗೆ ಹೋಗಿದ್ದೆಯಲ್ಲ ಎಂದಳು. ಉಣ್ಣೆ ಮಾರಲು ಬಂದವನು, ನಿನ್ನ ಗಂಡನಿಗೆ ವಯಸ್ಸು ಹೆಚ್ಚಾಯಿತು ಎಂದ. ನೀನು ಮಗುವಿಗಿಂತ ಮಗ್ಗವನ್ನೇ ಹೆಚ್ಚು ಮುಟ್ಟಿದೆ ಎಂದು ಅವಳ ಸ್ವಂತ ಅಕ್ಕನೇ ಅಂದಳು.

ನೇಯುವವಳಿಗೆ ಓದು ಬರಹ ಬರುತ್ತಿರಲಿಲ್ಲ. ಮರೆಯಬಾರದ ಸಂಗತಿಗೆಲ್ಲ ಒಂದು ಕರಿ ನೂಲಿಗೆ ಗಂಟು ಹಾಕಿಡುವುದು ಅವಳ ಮನೆಯ ರೂಢಿ. ಯಾರು ಯಾವ ಕಾರಣ ಹೇಳಿದರೂ ಅವಳು ಒಂದು ಗಂಟು ಹಾಕಿದಳು. ಆ ನೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಕೈ ಬಿಡುವಾದಾಗ ಒಂದೊಂದೇ ಗಂಟನ್ನು ಬೆರಳಲ್ಲಿ ಹಿಡಿದು, ಇದಿರಬಹುದೇ, ಇದಿರಬಹುದೇ ಎಂದು ಯೋಚಿಸುತ್ತಿದ್ದಳು. ಎಂಟು ವರ್ಷದಲ್ಲಿ ನಲವತ್ತು ಗಂಟುಗಳಾದವು.

ಆ ವರ್ಷದ ಬೇಸಿಗೆಯಲ್ಲಿ ಹೊನ್ನಿ ಬದಲಾದಳು. ರೊಟ್ಟಿ ಕೊಟ್ಟರೆ ಎಸೆದಳು. ಕೆನ್ನೆಗೆ ಹೊಡೆದುಕೊಂಡಳು. ಮಗ್ಗದ ಕಂಬಕ್ಕೆ ತಲೆ ಚಚ್ಚಿಕೊಂಡಳು. ಹಿಡಿಯಲು ಹೋದ ಅಪ್ಪನ ಕೈ ಕಚ್ಚಿದಳು. ನೂಲಿನ ಉಂಡೆಗಳು ಬುಟ್ಟಿಯಲ್ಲೇ ಉಳಿದವು. ಮನೆಯಲ್ಲಿ ಒಂದು ತಿಂಗಳು ಯಾರೂ ಸರಿಯಾಗಿ ಮಲಗಲಿಲ್ಲ.

ತಾಯಿ ಅವಳನ್ನು ಊರಿನಲ್ಲಿ ಮದ್ದು ಕೊಡುವ ಪಂಡಿತರ ಬಳಿಗೆ ಕರೆದುಕೊಂಡು ಹೋದಳು. ಪಂಡಿತರು ಮಗುವನ್ನು ಬಾಗಿಲಿಂದಲೇ ನೋಡಿದರು. “ಇಂಥ ಮಕ್ಕಳು ಹೀಗೇನಮ್ಮ. ಬೆಳೀತಾ ಬೆಳೀತಾ ಹೆಚ್ಚಾಗುತ್ತೆ,” ಎಂದರು. ಬಸುರಿಯಾಗಿದ್ದಾಗ ಏನೇನು ತಿಂದೆ ಎಂದು ಕೇಳಿದರು. ಅವಳು ಮನೆಗೆ ಬಂದು ನಲವತ್ತೊಂದನೆಯ ಗಂಟು ಹಾಕಿದಳು.

ಗಂಡನ ಅಣ್ಣ ಒಂದು ಉಪಾಯ ಹೇಳಿದ. ಎರಡು ದಿನದ ದಾರಿಯಲ್ಲಿ ಒಂದು ಜಾಗವಿದೆ. ಇಂಥವರನ್ನು ಅಲ್ಲಿ ಕಂಬಕ್ಕೆ ಸರಪಳಿ ಹಾಕಿ ಕೂರಿಸುತ್ತಾರೆ. ಕೂತು ಕೂತು ವಾಸಿಯಾಗುತ್ತದೆ.

“ವಾಸಿಯಾದವರನ್ನು ನೋಡಿದ್ದೀರಾ ಭಾವ?” ಎಂದು ನೇಯುವವಳು ಕೇಳಿದಳು.

“ಹೇಗೆ ನೋಡಲಿ? ಅಲ್ಲಿಂದ ಯಾರೂ ವಾಪಸು ಬಂದಿಲ್ಲ.”

ಅವಳು ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ದಿನ ಒಪ್ಪಿದಳು. ಒಪ್ಪಿದ್ದು ನಂಬಿಕೆಯಿಂದಲ್ಲ, ನಿದ್ದೆಗೆಟ್ಟು. ಸೋಮವಾರ ಹೊರಡುವುದೆಂದಾಯಿತು. ಅವಳು ಒಂದು ಹೊಸ ಕಂಬಳಿ ಮಡಿಸಿಟ್ಟಳು. ನೂಲಿನ ಉಂಡೆಗಳ ಬುಟ್ಟಿಯನ್ನೂ ಅದರ ಜೊತೆಗಿಟ್ಟಳು. ಸರಪಳಿ ಕೈಗೆ ಹಾಕುತ್ತಾರೋ ಕಾಲಿಗೆ ಹಾಕುತ್ತಾರೋ ಎಂದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಿದರು. ಎಡಗಡೆಯ ಎತ್ತು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಮುಂಗಾಲನ್ನು ನೆಲಕ್ಕೆ ಊರಲೊಲ್ಲದು. ಲಾಳ ಕಟ್ಟುವ ಮುದುಕನಿಗೆ ಹೇಳಿಕಳಿಸಿದರು. ಊರವರೆಲ್ಲ ಅವನನ್ನು ಸಾಬಣ್ಣ ಎನ್ನುತ್ತಿದ್ದರು. ಸಾಬಣ್ಣ ಬಂದು ಎತ್ತನ್ನು ಕೆಡವಿ ಕಾಲುಗಳಿಗೆ ಹಗ್ಗ ಹಾಕಿದ.

ಗಾಡಿಯವನು ಶುರು ಮಾಡಿದ. “ಮೊನ್ನೆ ಕಲ್ಲುಗಣಿ ದಾರಿಯಲ್ಲಿ ಹೋಗಿದ್ದೆ ಸಾಬಣ್ಣ. ಅದಕ್ಕೆ ಮೊದಲು ಹಳ್ಳ ದಾಟಿಸಿದ್ದೆ. ಇಲ್ಲಾಂದ್ರೆ ಸಂತೆಯಲ್ಲಿ ಕಟ್ಟಿದ್ದೆನಲ್ಲ, ಅಲ್ಲೇ ಏನಾದರೂ...”

“ದಾರಿ ಆಮೇಲೆ ಹೇಳುವಿಯಂತೆ ಮಾರಾಯ. ಈಗ ಕಾಲು ಹಿಡಿ.”

ಸಾಬಣ್ಣ ಗೊರಸಿನ ಸುತ್ತ ಹೆಬ್ಬೆರಳಲ್ಲಿ ಒತ್ತುತ್ತ ಬಂದ. ಒಂದು ಕಡೆ ಒತ್ತಿದಾಗ ಎತ್ತು ಮೈ ಕೊಡವಿತು. ಅಲ್ಲಿ ಅರ್ಧ ಬೆರಳುದ್ದದ ಜಾಲಿಮುಳ್ಳು ಮುರಿದು ಕೂತಿತ್ತು. ಇಕ್ಕಳದಿಂದ ಕಿತ್ತು ಗಾಡಿಯವನ ಅಂಗೈಯಲ್ಲಿಟ್ಟ. “ತಗೋ. ಯಾವ ದಾರಿಯಲ್ಲಿ ಹತ್ತಿದೆ ಅಂತ ಈಗ ಇದನ್ನೇ ಕೇಳು,” ಎಂದ.

ಅವನು ಕೈ ತೊಳೆಯಲು ಜಗಲಿಗೆ ಬಂದಾಗ ಹೊನ್ನಿ ಅಲ್ಲಿ ಕೂತಿದ್ದಳು. ತಾಯಿ ಚೊಂಬಿನಲ್ಲಿ ನೀರು ಕುಡಿಸುತ್ತಿದ್ದಳು. ಹೊನ್ನಿ ತಲೆಯನ್ನು ಬಲಕ್ಕೆ ವಾಲಿಸಿ ನೀರನ್ನು ಆ ಕಡೆಗೇ ಬಿಟ್ಟುಕೊಂಡಳು. ಎಡಗೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಸಾಬಣ್ಣ ಬೀಡಿ ಹಚ್ಚಲು ತೆಗೆದವನು ಹಚ್ಚಲಿಲ್ಲ.

“ಈ ಮಗು ಯಾವ ಕಡೆ ಅಗಿಯುತ್ತೆ ತಾಯಿ?”

ನೇಯುವವಳ ಕೈ ರೂಢಿಯಂತೆ ಸೊಂಟಕ್ಕೆ ಹೋಯಿತು. ನಲವತ್ತೊಂದು ಗಂಟುಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

“ಗೊತ್ತಿಲ್ಲ ಸಾಬಣ್ಣ,” ಎಂದಳು.

ಗಂಡನ ಅಣ್ಣನಿಗೆ ಸಿಟ್ಟು ಬಂತು. “ನೀನು ದನದ ಕಾಲು ನೋಡುವವನು. ನಮ್ಮ ಹುಡುಗಿ ಎತ್ತಲ್ಲ,” ಎಂದ.

“ಅಲ್ಲ ಯಜಮಾನ್ರೇ. ಎತ್ತಾಗಿದ್ದಿದ್ದರೆ ತಿಂಗಳ ಹಿಂದೆಯೇ ನನ್ನನ್ನು ಕರೀತಿದ್ರಿ.”

ಸಾಬಣ್ಣ ಹೊನ್ನಿಯ ಹತ್ತಿರ ಹೋಗಲಿಲ್ಲ. ಮುಖ ಮುಟ್ಟಿದರೆ ಅವಳು ಸಹಿಸುವುದಿಲ್ಲ ಎಂದು ದೂರದಿಂದಲೇ ತಿಳಿಯುತ್ತಿತ್ತು. “ಇವಳು ಯಾವುದಕ್ಕೆ ಸುಮ್ಮನಾಗುತ್ತಾಳೆ?” ಎಂದು ಕೇಳಿದ. ಇದು ತಾಯಿಗೆ ಗೊತ್ತಿತ್ತು. ಎದ್ದು ಒಳಗೆ ಹೋಗಿ ಮಗ್ಗದಲ್ಲಿ ಕೂತಳು. ಒಂದು ತಿಂಗಳಿಂದ ನಿಂತಿದ್ದ ಮಗ್ಗ ಮತ್ತೆ ನಡೆಯಿತು. ಹೊನ್ನಿ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ತೂಗತೊಡಗಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಗುನುಗಿದಳು. ಬಾಗಿಲಿನ ಬೆಳಕು ನೇರ ಅವಳ ಬಾಯಿಗೆ ಬೀಳುತ್ತಿತ್ತು.

ಎಡಗಡೆ, ಕೆಳಗೆ, ಹಿಂದಿನ ದವಡೆ ಹಲ್ಲು ಕಪ್ಪಾಗಿತ್ತು. ಅದರ ಸುತ್ತ ಒಸಡು ನೆಲ್ಲಿಕಾಯಿಯಷ್ಟು ಊದಿತ್ತು.

ತಾಯಿ ನೋಡಿದಳು. ನೋಡಿದರೂ ಮಗ್ಗ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಗು ಬಾಯಿ ಮುಚ್ಚೀತೆಂದು. ಕಣ್ಣೀರು ಸುರಿಸುತ್ತಲೇ ನೇಯ್ದಳು. ಗಂಡ ಬಗ್ಗಿ ನೋಡಿ ಎದ್ದ. ಆಮೇಲೆ ಅವನ ಅಣ್ಣ ಬಗ್ಗಿ ನೋಡಿ ಎದ್ದ.

ಗಾಡಿ ಆ ದಿನವೇ ಹೊರಟಿತು. ಅದೇ ಗಾಡಿ, ಅದೇ ಎತ್ತುಗಳು. ಊರ ಬಾಗಿಲಲ್ಲಿ ಎಡಕ್ಕೆ ತಿರುಗಬೇಕಾಗಿದ್ದದ್ದು ಪೇಟೆಯ ಆಸ್ಪತ್ರೆಯ ಕಡೆಗೆ ಬಲಕ್ಕೆ ತಿರುಗಿತು. ಅಲ್ಲಿನ ವೈದ್ಯರು ಮದ್ದು ಕೊಟ್ಟು, ಕೀವು ತೆಗೆದು, ಹಲ್ಲು ಕಿತ್ತರು. ಆಮೇಲೆ ತಾಯಿಯನ್ನು ಕೂರಿಸಿಕೊಂಡು ಹೇಳಿದರು: “ಹೇಳಿಕೊಳ್ಳಲಾರದ ಮಗುವಿಗೆ ನೋವೇನೂ ಕಡಿಮೆ ಇರೋದಿಲ್ಲಮ್ಮ. ಹಲ್ಲು, ಕಿವಿ, ಹೊಟ್ಟೆ ಇವನ್ನು ಆಗಾಗ ನೋಡಿಸುತ್ತಿರು. ಇಂಥ ಮಕ್ಕಳಲ್ಲಿ ಕೆಲವರಿಗೆ ಮೂರ್ಛೆ ಬರುವುದುಂಟು, ಹಾಗೇನಾದರೂ ಕಂಡರೆ ತಡಮಾಡದೆ ಕರೆದುಕೊಂಡು ಬಾ. ಬಾವಿ, ಕೆರೆ ಹತ್ತಿರ ಒಂಟಿಯಾಗಿ ಬಿಡಬೇಡ, ಇವರಲ್ಲಿ ಹಲವರಿಗೆ ನೀರಿನ ಭಯ ಇರೋದಿಲ್ಲ. ಇದ್ದಕ್ಕಿದ್ದ ಹಾಗೆ ಹಟ ಹೆಚ್ಚಾದರೆ ಹಟ ಅಂದುಕೊಳ್ಳಬೇಡ. ಎಲ್ಲಿ ನೋಯುತ್ತಿದೆ ಅಂತ ಹುಡುಕು.”

ಇವನ್ನು ಮರೆಯಬಾರದೆಂದು ಅವಳು ಸೊಂಟಕ್ಕೆ ಕೈ ಹಾಕಿದಳು. ನೂಲು ಅಲ್ಲಿರಲಿಲ್ಲ.

ನೂಲು ಹೊನ್ನಿಯ ಕೈಯಲ್ಲಿತ್ತು. ಯಾವಾಗ ಎಳೆದುಕೊಂಡಿದ್ದಳೋ. ಹಿಂದಿರುಗುವ ದಾರಿಯಲ್ಲಿ ಅವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಉಗುರಿನ ತುದಿಯಿಂದ ಗಂಟುಗಳನ್ನು ಬಿಡಿಸತೊಡಗಿದಳು. ಒಂದು ಬಿಡಿಸುವುದು, ನೂಲನ್ನು ಎಳೆದು ನೋಡುವುದು, ಮುಂದಿನದಕ್ಕೆ ಹೋಗುವುದು. ಸಾವಿನ ಮನೆಯ ಗಂಟು ಹೋಯಿತು. ಗಂಡನ ವಯಸ್ಸಿನ ಗಂಟು ಹೋಯಿತು. ಅಕ್ಕನ ಗಂಟು ಬಿಗಿಯಾಗಿತ್ತು, ಅದಕ್ಕೆ ಒಂದು ಹರದಾರಿ ಹಿಡಿಯಿತು. ತಾಯಿ ಒಮ್ಮೆ ತಡೆಯಲು ಕೈ ಚಾಚಿದಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದು ಮಗಳ ಬೆನ್ನ ಮೇಲಿಟ್ಟಳು. ಕೊನೆಯ ಗಂಟು ಬಿಡಿಸಿದ ಹೊನ್ನಿ ನಿದ್ದೆ ಹೋದಳು. ಅವಳ ಹಿಂದೆಯೇ ತಾಯಿಯೂ ಕೂತಲ್ಲೇ ನಿದ್ದೆ ಹೋದಳು.

ಸಂಜೆಗೆ ಮನೆ ಬಂತು. ಗಂಡ ಹಿಂದೆ ತಿರುಗಿ ನೋಡಿದ. ನಿಂತರೆ ಎಚ್ಚರವಾದೀತೆಂದು ಗಾಡಿಯನ್ನು ನಿಲ್ಲಿಸದೆ ಊರಿನ ಸುತ್ತ ಇನ್ನೊಂದು ಸುತ್ತು ಹೊಡೆದ. ಜಗಲಿಯ ಮೇಲೆ ಕಾಯುತ್ತಿದ್ದ ಅಣ್ಣ, ಇವನಿಗೇನಾಯಿತು ಎಂದು ಎದ್ದು ನಿಂತ. ಎರಡನೆಯ ಸುತ್ತಿನಲ್ಲಿ ಅವನಿಗೆ ಅರ್ಥವಾಯಿತು. ಮನೆಯ ನಾಯಿ ಬೊಗಳದಿರಲೆಂದು ಅದರ ಬಾಯಿ ಹಿಡಿದುಕೊಂಡು ನಿಂತ.

ಮೂರು ದಿನಕ್ಕೆ ಹೊನ್ನಿ ಗಂಜಿ ಕುಡಿದಳು. ವಾರಕ್ಕೆ ರೊಟ್ಟಿ ತಿಂದಳು. ಮಾತು ಬರಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ನೂಲಿನ ಉಂಡೆಗಳನ್ನು ಬುಟ್ಟಿಯಿಂದ ತೆಗೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಳು. ದೊಡ್ಡಪ್ಪ ಓಡಾಡುವಾಗ ಕಾಲು ತಾಗಿ ಒಂದು ಉಂಡೆ ಉರುಳಿತು. ಹೊನ್ನಿ ಊರಿಗೆಲ್ಲ ಕೇಳುವಂತೆ ಕಿರುಚಿದಳು. ಮಗ್ಗದಲ್ಲಿ ಕೂತಿದ್ದ ತಾಯಿಗೆ ಅದನ್ನು ಕೇಳಿ ನಗು ಬಂತು. “ಭಾವ, ಅದನ್ನು ಎಲ್ಲಿತ್ತೋ ಅಲ್ಲೇ ಇಡಿ,” ಎಂದಳು. ಅವನು ಇಟ್ಟ.

ಆ ಕರಿ ನೂಲಿಗೆ ಆಮೇಲೆ ಐದೇ ಗಂಟು ಬಿದ್ದವು. ಹಲ್ಲು, ಕಿವಿ, ಹೊಟ್ಟೆ, ಮೂರ್ಛೆ, ನೀರು.

ಗುರುಗಳು ಕತೆ ನಿಲ್ಲಿಸಿದರು. ಶಿವಲೀಲಾ ಮಡಿಸಿದ ಹಾಳೆಯನ್ನು ಬಿಚ್ಚದೆ ಕೈಯಲ್ಲೇ ಹಿಡಿದಿದ್ದಳು.

“ಅವನು ಎಡಗಿವಿಗೇ ಹೊಡೆದುಕೊಳ್ಳೋದು,” ಎಂದಳು. “ಬಲಗಿವಿಗೆ ಒಂದು ಸಲವೂ ಇಲ್ಲ.”

ಅವಳು ಎದ್ದು ಹೊರಗೆ ಹೋಗಿ ಕಿವಿಯ ಡಾಕ್ಟರಿಗೆ ಫೋನ್ ಮಾಡಿದಳು. ನಾಲ್ಕೂವರೆಗೆ ಬನ್ನಿ ಎಂದರು. ಸಮಯವನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಳು. ಅವಳ ಮುಖ ಬಂದಾಗ ಇದ್ದಂತೆ ಇರಲಿಲ್ಲ. ಗುರುಗಳಿಗೆ ನಮಸ್ಕಾರ ಮಾಡಿ ಚಪ್ಪಲಿ ಮೆಟ್ಟಿದಳು. ಆದರೆ ಎಷ್ಟಾದರೂ ಲೆಕ್ಕ ಕಲಿಸುವವಳು. ಬಾಗಿಲಲ್ಲಿ ನಿಂತು ತಿರುಗಿದಳು.

“ಗುರುಗಳೇ, ಆ ನಲವತ್ತೊಂದು ಗಂಟಿನಲ್ಲಿ ನಿಜವಾದದ್ದು ಯಾವುದು?”

ಗುರುಗಳು ಹೇಳಿದರು: “ಹೊನ್ನಿ ನಿದ್ದೆ ಹೋದ ಮೇಲೆ ಅದನ್ನು ಕೇಳಿದವಳು ನೀನೇ ಮೊದಲು.”