ಮರಳೆಣಿಸಿದ ಏಡಿ

ಲೋಕ ಆಗಷ್ಟೇ ಹೊಸದಾಗಿತ್ತು. ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿತ್ತು. ಆನೆಗೆ ತನ್ನ ಸೊಂಡಿಲನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಸಮುದ್ರಕ್ಕೆ ಮುಂದೆ ಬರುವುದು ಗೊತ್ತಿತ್ತು, ಹಿಂದೆ ಹೋಗುವುದು ಗೊತ್ತಿರಲಿಲ್ಲ.

ಅದು ದಿನವೂ ಇಷ್ಟಿಷ್ಟೇ ಮುಂದೆ ಬರುತ್ತಿತ್ತು. ಇವತ್ತು ಕೇದಗೆ ಪೊದೆಯ ಬುಡಕ್ಕೆ ಬಂತು. ನಾಳೆ ಪೊದೆಯ ಸೊಂಟಕ್ಕೆ ಬಂತು. ನಾಡಿದ್ದು ನೋಡಿದರೆ ಕೇದಗೆ ಪೊದೆಯೇ ಇಲ್ಲ.

ಪ್ರಾಣಿಗಳು ಹಿಂದೆ ಸರಿದವು. ಸಮುದ್ರ ಮುಂದೆ ಬಂತು. ಪ್ರಾಣಿಗಳು ಇನ್ನೂ ಹಿಂದೆ ಸರಿದವು. ಸಮುದ್ರ ಇನ್ನೂ ಮುಂದೆ ಬಂತು. ಕೊನೆಗೆ ಉಳಿದದ್ದು ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಪಟ್ಟಿ ಮರಳು.

ಗುಡ್ಡದ ಮೇಲೆ ಜಾಗ ಸಾಲಲಿಲ್ಲ. ಆನೆಯ ಬೆನ್ನ ಮೇಲೆ ಕಾಡುಹಂದಿ ಕೂತಿತು. ಹಂದಿಯ ಬೆನ್ನ ಮೇಲೆ ಮೊಲ, ಮೊಲದ ಬೆನ್ನ ಮೇಲೆ ಆಮೆ. ಮುಳ್ಳುಹಂದಿಯ ಪಕ್ಕದಲ್ಲಿ ಮಾತ್ರ ಸ್ವಲ್ಪ ಜಾಗ ಖಾಲಿ ಇತ್ತು.

ಮೊದಲು ಆನೆ ಕೆಳಗಿಳಿದು ಹೋಗಿ, “ಸಮುದ್ರಣ್ಣಾ, ಸ್ವಲ್ಪ ನಿಲ್ಲು” ಎಂದಿತು. ಸಮುದ್ರ ಆನೆಯ ಮೊಣಕಾಲು ನೆನೆಸಿ ಮುಂದೆ ಬಂತು. ಆಮೇಲೆ ನರಿ ಹೋಗಿ, “ಅಬ್ಬ, ಎಂಥ ನೀಲಿ! ಎಂಥ ಅಲೆ!” ಎಂದು ಹೊಗಳಿತು. ಸಮುದ್ರ ಎಲ್ಲವನ್ನೂ ಕೇಳಿಸಿಕೊಂಡು, ನರಿಯ ಬಾಲ ನೆನೆಸಿ ಮುಂದೆ ಬಂತು.

ಆ ಮರಳಿನ ಪಟ್ಟಿಯಲ್ಲಿ ಕೆಂಚಿ ಎಂಬ ಏಡಿ ಇದ್ದಳು. ಅವಳ ಗಾತ್ರ ಒಂದು ಕಡಲೆಕಾಳಿನಷ್ಟು. ಅವಳು ತೋಡಿದ ಬಿಲ ಏಳು ಸಲ ಮುಚ್ಚಿಹೋಗಿತ್ತು. ಅವಳನ್ನು ಯಾರೂ ಕಳಿಸಲಿಲ್ಲ. ಎಂಟನೆಯ ಸಲ ತೋಡಲು ಬೇಜಾರಾಗಿ ಅವಳೇ ಹೋದಳು.

“ಎಲ್ಲಿಗೆ ಹೊರಟೆ?” ಎಂದು ಕೇಳಿದಳು.

“ಮುಂದಕ್ಕೆ” ಎಂದಿತು ಸಮುದ್ರ.

“ಯಾಕೆ?”

ಇದನ್ನು ಯಾರೂ ಕೇಳಿರಲಿಲ್ಲ. ಸಮುದ್ರ ಒಂದು ಅಲೆ ಎತ್ತಿ ಗುಡ್ಡದ ಕಡೆ ತೋರಿಸಿತು. “ಮುಂದಿರುವುದೆಲ್ಲ ನನ್ನದು, ಅದಕ್ಕೆ.”

“ಇರಲಿ. ನಿನ್ನದು ಅಂದರೆ ಎಷ್ಟು?”

“ಎಷ್ಟು ಅಂದರೆ?”

“ಎಷ್ಟು ಕಾಳು ಮರಳು? ಅದೇ ಗೊತ್ತಿಲ್ಲದಿದ್ದರೆ, ನಾಳೆ ಈ ಗಾಳಿ ಬಂದು ಅರ್ಧ ಹಾರಿಸಿಕೊಂಡು ಹೋದರೂ ನಿನಗೆ ತಿಳಿಯುವುದಿಲ್ಲ.”

ಮೇಲೆ ಹೋಗುತ್ತಿದ್ದ ಗಾಳಿ, “ನನ್ನನ್ನು ಯಾಕೆ ಎಳೆಯುತ್ತೀಯ?” ಎಂದಿತು. ಆದರೂ ಕೇಳಲು ನಿಂತಿತು.

ಸಮುದ್ರಕ್ಕೆ ಗಾಳಿಯ ಮೇಲೆ ಅನುಮಾನ ಬಂತು. “ಹಾಗಾದರೆ ನೀನೇ ಎಣಿಸು” ಎಂದಿತು.

“ಎಣಿಸುತ್ತೇನೆ. ಎಣಿಸಿ ಮುಗಿಯುವ ತನಕ ನೀನು ಈ ಮರಳು ದಾಟಬಾರದು.”

“ಆಗಲಿ.”

“ನಾನು ಕೇಳಿಸಿಕೊಂಡಿದ್ದೇನೆ” ಎಂದಿತು ಗಾಳಿ.

ಕೆಂಚಿ ಎಣಿಸತೊಡಗಿದಳು. ಎಣಿಸಿದ್ದು, ಎಣಿಸದ್ದು ಬೆರೆಯಬಾರದಲ್ಲ? ಅದಕ್ಕೆ ಒಂದು ಬಾಯಿ ಮರಳು ತೆಗೆದುಕೊಂಡು, ಎಣಿಸಿ, ಉಂಡೆ ಕಟ್ಟಿ ಪಕ್ಕಕ್ಕಿಟ್ಟಳು. ಮತ್ತೆ ಒಂದು ಬಾಯಿ, ಮತ್ತೆ ಒಂದು ಉಂಡೆ. ಸಮುದ್ರ ನಿಂತಿತು. ಗುಡ್ಡದ ಮೇಲಿನ ಪ್ರಾಣಿಗಳು ಉಸಿರು ಬಿಟ್ಟವು.

ಆದರೆ ಕೆಂಚಿ ಕೆಲಸದಲ್ಲಿ ಬಹಳ ಚುರುಕು. ಮಧ್ಯಾಹ್ನದ ಹೊತ್ತಿಗೆ ಅರ್ಧ ಪಟ್ಟಿ ಮುಗಿಯಿತು.

“ನಿಧಾನ, ಮಾರಾಯ್ತಿ!” ಎಂದು ಮೊಲ ಮೇಲಿನಿಂದ ಕೂಗಿತು.

ಕೆಂಚಿಗೂ ಆಗಲೇ ಹೊಳೆದದ್ದು. ಎಣಿಕೆ ಮುಗಿದರೆ ಗುಡ್ಡ ಮುಗಿಯಿತು. ತಪ್ಪು ಎಣಿಸೋಣವೆಂದರೆ ಅವಳಿಗೆ ತಪ್ಪು ಎಣಿಸಲು ಬರುತ್ತಿರಲಿಲ್ಲ. ಸಂಜೆಗೆ ಉಳಿದದ್ದು ಎರಡು ಬಾಯಿ ಮರಳು. ಅವಳು ಒಂದನ್ನು ಉಂಡೆ ಕಟ್ಟಿದಳು. ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ನಿಂತಳು.

ಸಮುದ್ರಕ್ಕೆ ತಾಳ್ಮೆ ಕೆಟ್ಟಿತು. “ಮುಗಿಯಿತಾ?” ಎನ್ನುತ್ತ ಒಂದು ಅಲೆ ಚಾಚಿ ನೋಡಲು ಬಂತು. ಉಂಡೆಗಳೆಲ್ಲ ಕರಗಿಹೋದವು. ಮರಳು ಬೆಳಗ್ಗೆ ಇದ್ದ ಹಾಗೆ ಚಪ್ಪಟೆಯಾಯಿತು.

“ಎಷ್ಟಾಯಿತು?” ಎಂದಿತು ಸಮುದ್ರ.

ಕೆಂಚಿ ಬಾಯಲ್ಲಿದ್ದ ಮರಳನ್ನು ಉಗಿದಳು. “ಈಗ ಏನೂ ಇಲ್ಲ. ಎಲ್ಲ ನೀನೇ ಅಳಿಸಿದೆ. ಮೊದಲಿನಿಂದ ಎಣಿಸಬೇಕು. ಹಿಂದೆ ಹೋಗು.”

“ಮಾತು ಕೊಟ್ಟಿದ್ದೀಯ” ಎಂದಿತು ಗಾಳಿ.

ಸಮುದ್ರ ಕದಲಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿತು: “ಹಿಂದೆ ಹೋಗುವುದು ಹೇಗೆ?”

“ಬಂದ ಹಾಗೇ. ಮುಖ ಮಾತ್ರ ಈ ಕಡೆಗಿರಲಿ” ಎಂದು ಕೆಂಚಿ ತಾನೇ ನಡೆದು ತೋರಿಸಿದಳು. ಏಡಿಯಾದ್ದರಿಂದ ಅವಳು ಅಡ್ಡಕ್ಕೆ ಹೋದಳು. ಸಮುದ್ರಕ್ಕೆ ಹೇಗೋ ಅರ್ಥವಾಯಿತು. ಎಡವುತ್ತ, ಕೈಯಲ್ಲಿದ್ದ ಚಿಪ್ಪುಗಳನ್ನು ಬೀಳಿಸುತ್ತ ಅದು ಹಿಂದಕ್ಕೆ ಹೋಯಿತು. ಮುಳುಗಿದ್ದ ಬಯಲು ಮೇಲೆ ಬಂತು. ಪ್ರಾಣಿಗಳು ಒಂದರ ಮೇಲಿಂದ ಒಂದು ಇಳಿದವು. ಕೆಂಚಿ ಎಂಟನೆಯ ಬಿಲ ತೋಡಿ ಮಲಗಿದಳು.

ಮರುದಿನ ಅವಳು ಮತ್ತೆ ಎಣಿಸಿದಳು. ಸಮುದ್ರ ಮತ್ತೆ ಇಣುಕಲು ಬಂತು, ಮತ್ತೆ ಅಳಿಸಿತು, ಮತ್ತೆ ಹಿಂದೆ ಹೋಯಿತು. ಕೆಂಚಿಯ ಮಕ್ಕಳೂ ಎಣಿಸಿದವು. ಅವುಗಳ ಮಕ್ಕಳೂ ಎಣಿಸಿದವು.

ಅದಕ್ಕೇ ನೀರು ಇಳಿದ ಹೊತ್ತಿನಲ್ಲಿ ಕಡಲತೀರಕ್ಕೆ ಹೋದರೆ ಒದ್ದೆ ಮರಳಿನ ಮೇಲೆ ಸಾವಿರಾರು ಪುಟ್ಟ ಉಂಡೆಗಳು ಹರಡಿರುತ್ತವೆ. ಅವು ಏಡಿಗಳ ಇವತ್ತಿನ ಲೆಕ್ಕ, ನೀರು ಮತ್ತೆ ಏರುವ ತನಕ.