ಹವಳವ್ವ ಯಾಕೆ ಬೆಳ್ಳಗಾದಳು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಡಲಿಗೆ ಆಗಷ್ಟೇ ಉಪ್ಪು ಹಿಡಿಯುತ್ತಿತ್ತು, ಮೀನುಗಳಿಗೆ ಹೆಸರೂ ಇಟ್ಟಿರಲಿಲ್ಲ. ಆಗ ಒಂದು ಪುಟ್ಟ ದ್ವೀಪದ ಬುಡದಲ್ಲಿ ಹವಳವ್ವ ಇದ್ದಳು. ಅವಳಿಗೆ ಕಾಲಿಲ್ಲ, ಎಲ್ಲಿಗೂ ಹೋಗುವ ಹಾಗಿಲ್ಲ. ಇದ್ದಲ್ಲೇ ಕಲ್ಲಿನ ಮನೆ ಕಟ್ಟುತ್ತಿದ್ದಳು, ಕಟ್ಟಿದ್ದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಮನೆ ತುಂಬ ಪಾಚಿಮಕ್ಕಳು. ಕಂದು, ಹಸಿರು, ಹೊಂಬಣ್ಣದ ಪುಟಾಣಿಗಳು. ಹವಳವ್ವನ ಬಣ್ಣವೆಲ್ಲ ಅವರದೇ. ಬಿಸಿಲು ಬಿದ್ದರೆ ಸಾಕು, ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಮೊದಲ ತುತ್ತು ಅವ್ವನಿಗೆ, ಆಮೇಲೆ ತಮಗೆ. ಬಿಸಿಲಿರುವಾಗ ಒಲೆ ಆರಿಸಬಾರದು ಎಂಬುದು ಆ ಮನೆಯ ಪದ್ಧತಿ. ದೊಡ್ಡ ಮೀನುಗಳಿಗೆ ಹೆದರಿ ಬಂದ ಮೀನಮರಿಗಳು ಗೋಡೆಯ ಸಂದಿನಲ್ಲಿ ಅಡಗಿ ಕೂರುತ್ತಿದ್ದವು.

ಒಂದು ವರ್ಷ ಸೂರ್ಯ ಕಡಲ ಮೇಲೆ ಬಂದು ಕೂತವನು ಏಳಲೇ ಇಲ್ಲ. ನೀರು ಬಚ್ಚಲ ಹಂಡೆಯಂತೆ ಕಾಯಿತು. ಸಾಲದ್ದಕ್ಕೆ ಹೊಳೆ ಊರಿನ ಕೊಳಕನ್ನೆಲ್ಲ ಹೊತ್ತು ತಂದು ಸುರಿಯಿತು.

“ಏನೇ ಇದು?” ಎಂದಳು ಹವಳವ್ವ.

“ಮೇಲಿನ ಊರಿನವರು ಕೊಟ್ಟರು, ನಾನು ಹೊತ್ತು ತಂದೆ. ನನ್ನನ್ಯಾಕೆ ಬೈತೀಯ?” ಎಂದಿತು ಹೊಳೆ.

ಬಿಸಿಲು ಹೆಚ್ಚಿತೆಂದು ಪಾಚಿಮಕ್ಕಳು ಇನ್ನೂ ಜೋರಾಗಿ ಒಲೆ ಉರಿಸಿದರು. ಅಡುಗೆ ಸೀದು ವಿಷವಾಯಿತು. ಅಕ್ಕರೆಗೆ ತಿಂದ ಹವಳವ್ವನ ಒಡಲೆಲ್ಲ ಉರಿ.

“ಒಲೆ ಆರಿಸಿ, ಮಕ್ಕಳೇ.”

“ಬಿಸಿಲಿದೆಯಲ್ಲವ್ವಾ, ಹೇಗೆ ಆರಿಸೋದು?”

ಹವಳವ್ವ ಎದೆ ಕಲ್ಲು ಮಾಡಿಕೊಂಡಳು. “ಹಾಗಾದರೆ ಹೊರಡಿ. ನೀರು ತಣ್ಣಗಾದ ದಿನ ಬನ್ನಿ. ಬಾಗಿಲು ತೆರೆದೇ ಇಟ್ಟಿರ್ತೀನಿ.”

ಮಕ್ಕಳು ಹೋದರು, ಬಣ್ಣವೂ ಹೋಯಿತು. ಹವಳವ್ವ ಮೂಳೆಯ ಹಾಗೆ ಬೆಳ್ಳಗಾದಳು. ತುಂಬ ಅಳು ಬಂತು. ಕಡಲೊಳಗೆ ಅತ್ತರೆ ಯಾರಿಗೆ ಕಾಣುತ್ತದೆ?

ಅಲೆ ಬಂದು ಗೋಡೆ ತಟ್ಟಿತು. “ಎಷ್ಟಂತ ಹಟ ಮಾಡ್ತೀಯ? ಕೈ ಸಡಿಲ ಬಿಡು. ಪುಡಿ ಮಾಡಿ ಮರಳಿಗೆ ಸೇರಿಸ್ತೀನಿ, ಸುಖವಾಗಿ ಮಲಗು.”

“ಆಮೇಲೆ ಈ ಮರಿಗಳು ಎಲ್ಲಿ ಅಡಗಬೇಕು? ನಿನ್ನ ತಲೆ ಮೇಲಾ?”

ಹೊಳೆಯ ಕೊಳಕು ತಿಂದು ಕೊಬ್ಬಿದ ಕಡಲಹುಲ್ಲು ನಯವಾಗಿ ಹತ್ತಿರ ಸರಿಯಿತು. “ಈ ಬೋಳು ಮೈ ನೋಡಿ ನಾಲ್ಕು ಜನ ಏನಂದಾರು? ನನ್ನನ್ನು ಹೊದ್ದುಕೋ, ಯಾರಿಗೂ ಕಾಣೋದಿಲ್ಲ.”

ಅದನ್ನು ಹೊದ್ದರೆ ಪಾಚಿಮಕ್ಕಳಿಗೆ ಮರಳಿ ಬರಲು ಜಾಗವೇ ಇರುವುದಿಲ್ಲ. ಹವಳವ್ವ ಸೊಪ್ಪು ಹಾಕಲಿಲ್ಲ.

“ಕಾಣಲಿ. ನಾನ್ಯಾಕೆ ನಾಚಿಕೊಳ್ಳಲಿ? ನೀರು ಕೆಡಿಸಿದವರು ನಾಚಿಕೊಳ್ಳಲಿ.”

ಹೊಟ್ಟೆ ತಾಳ ಹಾಕುತ್ತಿತ್ತು. ತೇಲಿ ಬಂದ ಸಣ್ಣಪುಟ್ಟ ಹುಳ ಹಿಡಿದು ತಿಂದು ಜೀವ ಹಿಡಿದುಕೊಂಡಳು. ಅವಳ ಹಾಗೇ ಬೆಳ್ಳಗಾಗಿದ್ದ ಪಕ್ಕದ ಅಕ್ಕತಂಗಿಯರಲ್ಲಿ ಎಷ್ಟೋ ಜನ ಹಸಿವಿಗೆ ಸತ್ತೇ ಹೋದರು. ಇವಳು ಜಗ್ಗಲಿಲ್ಲ, ಬಗ್ಗಲಿಲ್ಲ.

ಕೊನೆಗೆ ಆ ಬಿಳುಪು ಸೂರ್ಯನ ಕಣ್ಣನ್ನೇ ಕುಕ್ಕಿತು. “ಯಾರದು ಕೆಳಗೆ?”

“ನೀನು ಸುಟ್ಟವಳು. ಇನ್ನೂ ಇದ್ದೀನಿ, ನೋಡು.”

ಸೂರ್ಯ ಮೋಡದ ಹಿಂದಕ್ಕೆ ಸರಿದ. ಮೆಲ್ಲಗೆ ನೀರು ತಣಿಯಿತು. ಪಾಚಿಮಕ್ಕಳು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಬಂದರು, ಹವಳವ್ವನ ಮೈಗೆ ಬಣ್ಣ ಬಂತು. ಹೊಳೆ ಮಾತ್ರ ಬುದ್ಧಿ ಕಲಿಯಲಿಲ್ಲ. ಅದಕ್ಕೆ ಕೊಳಕು ಕೊಡುವವರು ಕಲಿತರೆ ತಾನೇ?

ಅದಕ್ಕೇ ಮಗೂ, ಇವತ್ತಿಗೂ ಕಡಲು ಕಾದು ನೀರು ಕೆಟ್ಟರೆ ಹವಳ ಬೆಳ್ಳಗಾಗುತ್ತದೆ. ಸತ್ತಿತು ಬಿಡು ಎಂದು ಬೆನ್ನು ತಿರುಗಿಸಬೇಡ, ಅವಳು ಹಸಿದ ಹೊಟ್ಟೆಯಲ್ಲಿ ನಮ್ಮನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದಾಳೆ.