ಬೀಸುಕಲ್ಲಿಗೆ ಗುರುತು ಸಿಗದ ಪದ

ಹಂಗೇರಿಯ ರೈತರ ಕುಣಿತ, ನಾರ್ವೆಯ ದನಗಾಹಿಗಳ ಹಾಡು, ಎಲ್ಲವೂ ತನಗೆ ನೀರು ಕುಡಿದಷ್ಟು ಸುಲಭವೆಂದು ಬೀಗುತ್ತಿದ್ದ ಪಿಯಾನೋಗೆ ಸಂಗೀತ ಶಾಲೆಯ ಟೀಚರು ಈ ಸಲ ನಮ್ಮದೇ ಬೀಸುವ ಪದ ಕೊಟ್ಟರು. ನಾಳೆಯೇ ಕಛೇರಿ. ಹಿರಿಯರ ಒಪ್ಪಿಗೆ ಇರಲೆಂದು ಅದು, ಬಾಗಿಲ ಬಳಿ ಹೂಕುಂಡ ಹೊತ್ತು ಕೂತಿದ್ದ ಹಳೆಯ ಬೀಸುಕಲ್ಲಿಗೆ ಪದವನ್ನು ನುಡಿಸಿ ತೋರಿಸಿತು.

"ಚೆನ್ನಾಗಿದೆಯಪ್ಪಾ. ಯಾವ ದೇಶದ್ದು?" ಎಂದಿತು ಬೀಸುಕಲ್ಲು.

ಪಿಯಾನೋ ಕಕ್ಕಾಬಿಕ್ಕಿಯಾಯಿತು. "ನಿಮ್ಮದೇ ಪದ, ಅಜ್ಜಿ! ಒಂದು ಸ್ವರವೂ ಬಿಟ್ಟಿಲ್ಲ."

"ನನ್ನದಾದರೆ ಕಾಳು ಹಾಕುವುದು ಯಾವಾಗ? ಎರಡು ಸಾಲಿಗೊಮ್ಮೆ ಪದ ನಿಲ್ಲಬೇಕು, ಒಂದು ಹಿಡಿ ಜೋಳ ಬೀಳಬೇಕು. ನೀನು ನಿಲ್ಲಲೇ ಇಲ್ಲವಲ್ಲ!"

"ಅಲ್ಲಿ ಖಾಲಿ ಇತ್ತು. ಬರೆದವರು ಮರೆತಿರಬೇಕೆಂದು ನಾನೇ ನಾಲ್ಕು ಸ್ವರ ತುಂಬಿದೆ."

"ಸ್ವರ ಬೀಸಿದರೆ ರೊಟ್ಟಿ ಆಗುತ್ತದೇನಪ್ಪಾ?"

ಮರುದಿನ ಪಿಯಾನೋ ಎರಡು ಸಾಲಿಗೊಮ್ಮೆ ಒಂದು ಹಿಡಿ ಜೋಳ ಬೀಳುವಷ್ಟು ಹೊತ್ತು ಸುಮ್ಮನಿತ್ತು. ಹೂಕುಂಡದ ಅಡಿಯಲ್ಲಿ ಕಲ್ಲು ಮೆಲ್ಲಗೆ ಅಲುಗಿತು. ಆಮೇಲೆ ನಾರ್ವೆಯ ಹಾಡಿನ ಸರದಿ. ಎಂದೂ ತಡವರಿಸದ ಪಿಯಾನೋ ಮೊದಲ ಸಾಲಿನಲ್ಲೇ ತಡವರಿಸಿತು. ಆ ದನಗಾಹಿ ತನ್ನ ಹಸುವನ್ನು ಕೂಗಲು ಎಲ್ಲಿ ನಿಲ್ಲುತ್ತಿದ್ದನೋ, ಈಗ ಯಾರನ್ನು ಕೇಳುವುದು?